ಗೇಟು ಸ್ವಲ್ಪ ಸರಿಸಿ, ಮರ ಇರಲಿ

ಬೆಂಗಳೂರಿನಲ್ಲಿ ಹಳೇ ಮನೆ ಒಡೆದು ನಾಲ್ಕಂತಸ್ತು ಕಟ್ಟಿಸಲು ಬರುವವರು ನಮ್ಮಂಥ ಆರ್ಕಿಟೆಕ್ಟ್‌ಗಳನ್ನು ಮೊದಲ ಭೇಟಿಯಲ್ಲೇ ಕೇಳುವುದುಂಟು: "ಸಾರ್, ಮುಂದಿರೋ ಮರ ತೆಗೆಸ್ಬಹುದಲ್ವಾ?"

ಫುಟ್‌ಪಾತ್ ಮೇಲಿನ ಮರ ಮನೆಯವರದಲ್ಲ, ಪಾಲಿಕೆಯದು. ನಿಮ್ಮ ತಂದೆಯವರೇ ನೆಟ್ಟು ನೀರು ಹಾಕಿ ಬೆಳೆಸಿದ್ದರೂ ಅಷ್ಟೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಟ್ರೀ ಆಫೀಸರ್ ಅನುಮತಿ ಇಲ್ಲದೆ ಅದನ್ನು ಕಡಿಸುವಂತಿಲ್ಲ. ಆದರೆ ಬರೀ ಕಾಯ್ದೆ ನಂಬಿ ಕೂತರೆ ಆಗಲ್ಲ. ದೊಡ್ಡ ಸರ್ಕಾರಿ ಕಾಮಗಾರಿಗೆ 50ಕ್ಕಿಂತ ಜಾಸ್ತಿ ಮರ ಹೋಗುವುದಾದರೆ ಜನರ ಆಕ್ಷೇಪಣೆ ಕೇಳಬೇಕು ಎಂಬ ನಿಯಮವಿದೆ. ಉಕ್ಕಿನ ಮೇಲ್ಸೇತುವೆ ಯೋಜನೆಗೆ 812 ಮರ ಹೋಗುತ್ತವೆ ಎಂದಾಗ 2016ರಲ್ಲಿ ಊರೇ ಬೀದಿಗಿಳಿಯಿತು, ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. ಒಂದು ಮನೆ ಮುಂದಿನ ಒಂದು ಹೊಂಗೆ ಮರಕ್ಕೆ ಯಾರು ಬರುತ್ತಾರೆ? ಬೀದಿಯ ಮರಗಳು ಹೀಗೆ ಒಂದೊಂದಾಗಿಯೇ ಹೋಗುತ್ತಿವೆ.

ನನ್ನ ಪ್ರಕಾರ ಮರ ಉಳಿಯುತ್ತೋ ಇಲ್ಲವೋ ಎಂಬುದು ಟ್ರೀ ಆಫೀಸರ್ ಮೇಜಿಗೆ ಬರುವ ಮೊದಲೇ, ನಮ್ಮ ಡ್ರಾಯಿಂಗ್‌ನಲ್ಲೇ ತೀರ್ಮಾನವಾಗಿರುತ್ತದೆ. ಮೂವತ್ತು ನಲವತ್ತರ ಸೈಟಿಗೆ ರಸ್ತೆ ಕಡೆ ಸಿಗುವುದು 30 ಅಡಿ. ಕಾರು ಒಳಗೆ ಬರಲು 10 ಅಡಿ ಗೇಟು ಸಾಕು. ಮರ ಎಡಗಡೆ ಇದ್ದರೆ ಗೇಟು ಬಲಕ್ಕೆ, ಮೆಟ್ಟಿಲು ಎಡಕ್ಕೆ. ನಕ್ಷೆಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿದರೆ ಎಷ್ಟೋ ಸಲ ಕೆಲಸ ಮುಗಿಯಿತು. ಆದರೆ ಸರ್ವೆ ಮಾಡುವವರು ಸೈಟಿನ ನಾಲ್ಕು ಮೂಲೆ ಅಳೆದು ಹೋಗುತ್ತಾರೆ, ಹೊರಗಿನ ಮರವನ್ನು ಗುರುತು ಹಾಕುವುದೇ ಇಲ್ಲ. ಕಾಗದದ ಮೇಲೆ ಮರವೇ ಇಲ್ಲದಿದ್ದರೆ ಕಾರು ಹತ್ತಿಸುವ ರ‍್ಯಾಂಪ್ ನೇರ ಅದರ ಬುಡಕ್ಕೇ ಬಂದು ನಿಲ್ಲುತ್ತದೆ. ಆಮೇಲೆ "ಮರ ಅಡ್ಡ ಇದೆ" ಅಂತ ಅರ್ಜಿ. ಅಡ್ಡ ಬಂದಿದ್ದು ಯಾರು ಸ್ವಾಮಿ?

ಇನ್ನು ವಾಸ್ತು. ಮುಂಬಾಗಿಲ ನೇರಕ್ಕೆ ಮರ ಇದ್ದರೆ ದ್ವಾರವೇಧ, ಅಂದರೆ ಬಾಗಿಲಿಗೆ ಅಡ್ಡ ಬರುವ ದೋಷ ಅನ್ನುತ್ತಾರೆ. ಅದನ್ನು ನಂಬುವವರ ಜೊತೆ ನಾನು ವಾದಕ್ಕಿಳಿಯಲ್ಲ. ಬಾಗಿಲನ್ನು ಎರಡಡಿ ಪಕ್ಕಕ್ಕೆ ಬರೆದು ತೋರಿಸುತ್ತೇನೆ. ನೇರ ತಪ್ಪಿದರೆ ದೋಷವೂ ತಪ್ಪಿತು. ಇದಕ್ಕೆ ಪುರೋಹಿತರು ಒಪ್ಪದೇ ಇದ್ದದ್ದು ನಾನು ಕಂಡಿಲ್ಲ.

ಕೊಡಲಿ ಬೀಳದಿದ್ದರೂ ಮರ ಸಾಯುವುದುಂಟು, ಅದು ಜನರಿಗೆ ಗೊತ್ತಾಗುವುದೇ ಕಡಿಮೆ. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂದುಕೊಂಡಿರುತ್ತೇವೆ. ನಿಜವಾಗಿ ನೀರು, ಗೊಬ್ಬರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲೇ ಇದ್ದು, ರೆಂಬೆಗಳ ಅಂಚನ್ನೂ ದಾಟಿ ಹರಡಿರುತ್ತವೆ. ಕಾಂಡದ ಅಡ್ಡಳತೆಯ 12 ಪಟ್ಟು ದೂರದವರೆಗೆ ಅಗೆಯಬಾರದು ಎನ್ನುವುದು ಮರಗಳ ತಜ್ಞರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಎರಡಡಿ ದಪ್ಪದ ಮಳೆಮರಕ್ಕೆ 24 ಅಡಿ ಆಯಿತು. ನಮ್ಮ ಬೀದಿಗಳಲ್ಲಿ ಅಷ್ಟು ಜಾಗ ಎಲ್ಲಿ ಬರಬೇಕು? ಸಿಕ್ಕಷ್ಟನ್ನಾದರೂ ಬಿಡಬೇಕು. ನೆಲಮಾಳಿಗೆ ಬೇಕೇಬೇಕು ಅಂತ ಕಾಂಪೌಂಡ್ ಅಂಚಿನವರೆಗೆ ಜೆಸಿಬಿ ಬಿಟ್ಟರೆ ಆ ಕಡೆಯ ಬೇರೆಲ್ಲ ಹರಿದು ಹೋಗುತ್ತದೆ. ಮರ ತಕ್ಷಣ ಬೀಳಲ್ಲ, ಹಸಿರಾಗಿಯೇ ನಿಂತಿರುತ್ತದೆ. ಒಂದೆರಡು ವರ್ಷದ ಮೇಲೆ ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಉರುಳಿ ಯಾರದೋ ಕಾರಿನ ಮೇಲೆ ಬಿದ್ದಾಗ, "ಮಳೆಮರ ಗಟ್ಟಿ ಇಲ್ಲ ಬಿಡಿ" ಅಂತ ಎಲ್ಲರೂ ಮರವನ್ನೇ ಬೈಯುತ್ತಾರೆ. ಬೇರು ಕತ್ತರಿಸಿದ ಮನೆಗೆ ಅಷ್ಟರಲ್ಲಿ ಗೃಹಪ್ರವೇಶವೂ ಆಗಿರುತ್ತದೆ, ಬಾಡಿಗೆಯೂ ಬರುತ್ತಿರುತ್ತದೆ.

ಒಂದು ಮರ ಹೋದರೆ ಹತ್ತು ಸಸಿ ನೆಡ್ತೀವಿ ಅನ್ನುವ ಲೆಕ್ಕವೂ ನನಗೆ ಒಗ್ಗಲ್ಲ. ಬೆಂಗಳೂರಿನ ಬೀದಿಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮರವಿರುವ ಕಡೆ ಗಾಳಿಯ ಬಿಸಿ 5.6 ಡಿಗ್ರಿವರೆಗೆ, ಡಾಂಬರಿನ ಬಿಸಿ 27.5 ಡಿಗ್ರಿವರೆಗೆ ಕಡಿಮೆ ಇತ್ತು. ಮೊಣಕಾಲೆತ್ತರದ ಸಸಿಗೆ ಅದು ಆಗುವ ಕೆಲಸವೇ?

ಮನೆ ಕಟ್ಟಿಸುವವರು ಗುತ್ತಿಗೆದಾರರ ಜೊತೆಗಿನ ಕರಾರಿನಲ್ಲೇ ಕೆಲವು ಸಾಲು ಸೇರಿಸಿ. ಪಾಯ ತೆಗೆಯುವ ಮೊದಲೇ ಮರದ ಸುತ್ತ ತಗಡಿನ ಬೇಲಿ ಹಾಕಬೇಕು. ಅದರೊಳಗೆ ಜಲ್ಲಿ, ಕಂಬಿ ಸುರಿಯುವಂತಿಲ್ಲ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರಂತೂ ಬುಡಕ್ಕೆ ಹೋಗಲೇಬಾರದು, ಸಿಮೆಂಟಿನ ಕ್ಷಾರ ಬೇರನ್ನು ಸುಡುತ್ತದೆ. ಮರದ ಹತ್ತಿರ ಜೆಸಿಬಿ ಬೇಡ, ಹಾರೆ ಗುದ್ದಲಿಯಲ್ಲೇ ಅಗೆಯಲಿ. ದಪ್ಪ ಬೇರು ಸಿಕ್ಕರೆ ಕೆಲಸ ನಿಲ್ಲಿಸಿ ನಿಮಗೆ ಫೋನ್ ಮಾಡಬೇಕು. ನೀರಿನ ಪೈಪನ್ನು ಬೇರಿನ ಕೆಳಗೆ ತೂರಿಸಿದರೆ ಆಯಿತು. ಸಣ್ಣ ಬೇರನ್ನು ತೆಗೆಯಲೇಬೇಕಾದರೆ ಗರಗಸದಲ್ಲಿ ನೀಟಾಗಿ ಕೊಯ್ದು, ಮಣ್ಣು ಮುಚ್ಚುವವರೆಗೆ ಒದ್ದೆ ಗೋಣಿಚೀಲ ಹೊದಿಸಬೇಕು. ಕೊನೆಗೆ ಫುಟ್‌ಪಾತ್‌ಗೆ ಟೈಲ್ಸ್ ಹಾಕುವಾಗ ಬುಡದ ಸುತ್ತ ಒಂದು ಮೀಟರ್ ಮಣ್ಣು ಹಾಗೇ ಇರಲಿ. ಕಾಂಕ್ರೀಟು ಮರದಿಂದ ಅಷ್ಟು ದೂರ ಇರಬೇಕು ಅಂತ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಹೇಳಿತ್ತು. ಮರಕ್ಕೆ ಹಾನಿಯಾದರೆ ಕೊನೇ ಕಂತಿನಲ್ಲಿ ಎಷ್ಟು ಹಿಡಿಯುತ್ತೀರಿ ಎಂಬುದನ್ನೂ ಬರೆದುಬಿಡಿ. ಮೇಸ್ತ್ರಿ ಮೊದಲು ಓದುವುದು ಆ ಸಾಲನ್ನೇ.