ಶ್ರೆಕ್‌ನ ನಾಲ್ಕನೇ ಚಿತ್ರ: ಕರಾರಿನ ಗಂಟು ಬಿಡಿಸುವುದು ಹೇಗೆ?

ಡ್ರೀಮ್‌ವರ್ಕ್ಸ್ ಸಂಸ್ಥೆ 2010ರಲ್ಲಿ 'ಅಂತಿಮ ಅಧ್ಯಾಯ' ಎಂದು ಸಾರಿ ತಂದ 'ಶ್ರೆಕ್ ಫಾರೆವರ್ ಆಫ್ಟರ್' ಚಿತ್ರದ ನಿರ್ದೇಶಕ ಮೈಕ್ ಮಿಚೆಲ್. ಚಿತ್ರಕಥೆ ಕಲಿಯುವವರು ಇದರಲ್ಲಿ ಮುಖ್ಯವಾಗಿ ನೋಡಬೇಕಾದ್ದು ಒಂದು ಕರಾರುಪತ್ರವನ್ನು. ಹೆಚ್ಚಿನ ಪಾತ್ರಗಳು ಹಿಂದಿನ ಮೂರು ಚಿತ್ರಗಳಿಂದ ಪರಿಚಿತವೇ, ಅದನ್ನು ಬಿಡೋಣ.

ಕರಾರು ಇಷ್ಟೇ. ಹೆಂಡತಿ ಮಕ್ಕಳ ಗೊಡವೆಯಿಲ್ಲದೆ, ಹಳೆಯ ಓಗರ್‌ನಂತೆ (ಓಗರ್ ಎಂದರೆ ಕಥೆಗಳಲ್ಲಿ ಬರುವ ರಾಕ್ಷಸ, ಶ್ರೆಕ್ ಅಂಥವನು) ಊರನ್ನು ಹೆದರಿಸುತ್ತಾ ತಿರುಗಲು ಶ್ರೆಕ್‌ಗೆ ಒಂದು ದಿನ. ಬದಲಿಗೆ ಮಾಯದ ಕರಾರು ಬರೆಸಿಕೊಳ್ಳುವ ಖಳ ರಂಪಲ್‌ಸ್ಟಿಲ್ಟ್‌ಸ್ಕಿನ್‌ಗೆ ಶ್ರೆಕ್‌ನ ಶೈಶವದ, ನೆನಪಿಲ್ಲದ ಒಂದು ದಿನ. ಅವನು ಕಿತ್ತುಕೊಳ್ಳುವುದು ಹುಟ್ಟಿದ ದಿನವನ್ನೇ.

ಬಹಳ ಮಂದಿ ಎಡವುವುದು ಇಲ್ಲಿ. ಹುಟ್ಟೇ ಇಲ್ಲದವನು ಓಡಾಡುವುದು ಹೇಗೆ? ಕರಾರಿನ ಎರಡು ಬದಿಗಳನ್ನು ಬೇರೆಬೇರೆಯಾಗಿ ಓದಿ. ಹುಟ್ಟಿದ ದಿನ ಹೋದದ್ದರಿಂದ ಲೋಕದ ಚರಿತ್ರೆ ಬದಲಾಯಿತು. ಆದರೆ ಕೊಟ್ಟ ಮಾತಿನ ಒಂದು ದಿನ ಶ್ರೆಕ್‌ಗೆ ಸಲ್ಲಲೇಬೇಕು. ಹಾಗಾಗಿ ಸೂರ್ಯೋದಯದವರೆಗೆ ಅವನು ಇರುತ್ತಾನೆ, ಹಳೆಯ ಬದುಕಿನ ನೆನಪೂ ಇರುತ್ತದೆ. ಅವನ ನೆನಪು ಮಾತ್ರ ಬೇರೆ ಯಾರಿಗೂ ಇಲ್ಲ. ಆಪ್ತಗೆಳೆಯನಾದ ಕತ್ತೆ ಡಾಂಕಿ ಕೂಡ ಅವನನ್ನು ಅಪರಿಚಿತನೆಂದೇ ನೋಡುತ್ತಾನೆ. ದಿನ ಮುಗಿದರೆ ಕರಾರೂ ಮುಗಿಯಿತು, ಶ್ರೆಕ್ ಕೂಡ. ಉಳಿದ ಬದಲಾವಣೆಗಳಿಗೆ ಆರಂಭದ ದೃಶ್ಯವೇ ಬೀಗದಕೈ. ಮುಂದೆ ಶ್ರೆಕ್‌ನ ಹೆಂಡತಿಯಾಗುವ ಫಿಯೋನಾಳ ಶಾಪ ಬಿಡಿಸಲು ಅವಳ ತಂದೆತಾಯಿ, ರಾಜ ಹೆರಾಲ್ಡ್ ಮತ್ತು ರಾಣಿ ಲಿಲಿಯನ್, ಇಡೀ ರಾಜ್ಯವನ್ನೇ ರಂಪಲ್‌ಗೆ ಬರೆದುಕೊಡಲು ಹೊರಟಿರುತ್ತಾರೆ. ಅಷ್ಟರಲ್ಲಿ ಶ್ರೆಕ್ ಅವಳನ್ನು ಗೋಪುರದ ಸೆರೆಯಿಂದ ಪಾರುಮಾಡಿದ ಸುದ್ದಿ ಬರುತ್ತದೆ, ಸಹಿ ತಪ್ಪುತ್ತದೆ. ಶ್ರೆಕ್ ಹುಟ್ಟದಿದ್ದರೆ ಆ ಸುದ್ದಿಯೂ ಇಲ್ಲ. ಸಹಿ ಬೀಳುತ್ತದೆ, ರಂಪಲ್ ರಾಜನಾಗುತ್ತಾನೆ. ಗೋಪುರದಿಂದ ತಾನಾಗಿಯೇ ತಪ್ಪಿಸಿಕೊಂಡ ಫಿಯೋನಾ ಬಂಡಾಯ ಓಗರ್‌ಗಳ ನಾಯಕಿಯಾಗುತ್ತಾಳೆ.

ಬಿಡುಗಡೆಯ ಷರತ್ತು ಪತ್ರದಲ್ಲೇ ಅಡಗಿದೆ. ಕಾಗದವನ್ನು ಸರಿಯಾಗಿ ಮಡಚಿದರೆ 'ನಿಜಪ್ರೇಮದ ಮುತ್ತು' ಎಂಬ ಮಾತು ಕೂಡಿಕೊಳ್ಳುತ್ತದೆ. ಮೊದಲ ಮುತ್ತು ಫಲಿಸುವುದಿಲ್ಲ, ಏಕೆಂದರೆ ಪ್ರೀತಿ ಇರುವುದು ಒಂದೇ ಕಡೆ. ಈ ಫಿಯೋನಾಗೆ ಅವನು ಯಾರೋ ಏನೋ.

ಮುಂದೆ ಶ್ರೆಕ್ ತಾನಾಗಿಯೇ ರಂಪಲ್‌ಗೆ ಶರಣಾಗಿ, ಬದಲಿಗೆ ಸೆರೆಸಿಕ್ಕ ಎಲ್ಲ ಓಗರ್‌ಗಳ ಬಿಡುಗಡೆ ಕೇಳುತ್ತಾನೆ. ಫಿಯೋನಾ ಮಾತ್ರ ಸೆರೆಯಲ್ಲೇ ಉಳಿಯುತ್ತಾಳೆ. ಹಗಲು ಮನುಷ್ಯಳು, ರಾತ್ರಿ ಓಗರ್ ಆದವಳು ಪೂರ್ತಿ ಓಗರ್ ಅಲ್ಲ ಎನ್ನುವುದು ರಂಪಲ್‌ನ ವಾದ. ಸರಣಿಯ ಮೊದಲ ಚಿತ್ರದ ಶಾಪವನ್ನು ಇಲ್ಲಿ ಕಾನೂನಿನ ಕೊಕ್ಕೆಯಾಗಿ ಬಳಸಿರುವುದು ನಿಜಕ್ಕೂ ಜಾಣತನ.

ನೋಡುವಾಗ ಕಾಗದದ ಮೇಲೆ ಎರಡು ಸಾಲು ಎಳೆದುಕೊಳ್ಳಿ. ಒಂದರಲ್ಲಿ ಹೊತ್ತು, ಇನ್ನೊಂದರಲ್ಲಿ ಫಿಯೋನಾಳ ರೂಪ. ಎರಡೂ ಕೂಡುವುದು ಸೂರ್ಯೋದಯದಲ್ಲಿ. ಕರಾರು ಮುಗಿಯುವ ಗಳಿಗೆಯೂ ಅದೇ, ಅವಳ ರೂಪ ಬದಲಾಗುವ ಗಳಿಗೆಯೂ ಅದೇ. ಈಗ ಮುತ್ತು ಕೊಡುವವಳು ಅವಳು. ಶ್ರೆಕ್ ಮಾಯವಾಗುತ್ತಾನೆ, ರಂಪಲ್ ಗೆದ್ದೆನೆಂದು ಬೀಗುತ್ತಾನೆ. ಆದರೆ ಬಿಸಿಲು ಬಿದ್ದರೂ ಫಿಯೋನಾ ಓಗರ್ ಆಗಿಯೇ ನಿಂತಿದ್ದಾಳೆ. ಆ ಶಾಪವನ್ನು ಮುರಿಯುವುದೂ ನಿಜಪ್ರೇಮದ ಮುತ್ತೇ. ಶಾಪ ಮುರಿದಿದೆ ಎಂದರೆ ಮುತ್ತು ಫಲಿಸಿದೆ, ಮುತ್ತು ಫಲಿಸಿದರೆ ಕರಾರು ರದ್ದು. ಯಾರೂ ಬಾಯಿಬಿಟ್ಟು ವಿವರಿಸುವ ಮೊದಲೇ ಉತ್ತರ ಪರದೆಯ ಮೇಲಿದೆ.

ಶ್ರೆಕ್ ಮರಳುವ ಗಳಿಗೆಯನ್ನೂ ಗುರುತಿಸಿ. ಅದು ಮಕ್ಕಳ ಹುಟ್ಟುಹಬ್ಬದಲ್ಲಿ ಅವನು ಸಿಟ್ಟಿನಿಂದ ಗರ್ಜಿಸುವುದಕ್ಕೆ ತುಸು ಮುಂಚಿನ ಹೊತ್ತು. ಆ ಸಿಟ್ಟಿನಲ್ಲಿ ಹೊರನಡೆದ ಮೇಲೇ ಅವನು ಕರಾರಿಗೆ ಸಹಿ ಹಾಕಿದ್ದು. ಈ ಸಲ ಗರ್ಜನೆಯಿಲ್ಲ, ಹೊರನಡೆಯುವುದಿಲ್ಲ, ಆದ್ದರಿಂದ ಸಹಿಯೂ ಇಲ್ಲ.