ದೇವರನ್ನು ನಂಬುವವರೆಲ್ಲ ಸೃಷ್ಟಿವಾದಿಗಳಾ?

ಚಿತ್ರದುರ್ಗದಲ್ಲಿ ಭೂವಿಜ್ಞಾನ ಪಾಠ ಮಾಡುವ ನನಗೆ ಆಗಾಗ ಎದುರಾಗುವ ಪ್ರಶ್ನೆ ಇದು: ‘ಸರ್, ಹಣೆಗೆ ವಿಭೂತಿ ಹಚ್ಚಿಕೊಂಡು ಡಾರ್ವಿನ್ ಪಾಠ ಮಾಡ್ತೀರಲ್ಲ, ನೀವು ಯಾವ ಕಡೆ?’

ಕಡೆ ಎರಡೇ ಇದ್ದಿದ್ದರೆ ಉತ್ತರ ಸುಲಭವಿತ್ತು. ಬೈಬಲ್ಲನ್ನು ಅಕ್ಷರಕ್ಕೆ ಅಕ್ಷರ ನಂಬುವ, ದೇವರು ಜೀವಿಗಳನ್ನು ಈಗಿರುವ ರೂಪದಲ್ಲೇ ಸೃಷ್ಟಿಸಿದ ಅನ್ನುವ ಸೃಷ್ಟಿವಾದಿಗಳಿಗೆ ಭೂಮಿಯ ವಯಸ್ಸು ಆರರಿಂದ ಹತ್ತು ಸಾವಿರ ವರ್ಷ, ಅಷ್ಟೆ. ಅವರನ್ನು ನಮ್ಮ ಜಿಲ್ಲೆಯ ಮರಡಿಹಳ್ಳಿಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ಬಂಡೆಯಲ್ಲಿ ದಿಂಬು ಒಟ್ಟಿದ ಹಾಗೆ ಕಾಣುವುದು ನೀರಿನಡಿ ಉಕ್ಕಿದ ಲಾವಾ. ನೀರು ತಾಗಿದ್ದೇ ತಡ ಹೊರಮೈ ಗಟ್ಟಿಯಾಗಿದೆ, ಅದಕ್ಕೇ ಪ್ರತಿ ದಿಂಬಿನ ಅಂಚು ಒಳಗಿಗಿಂತ ನುಣುಪು. ವಯಸ್ಸು ಸುಮಾರು 250 ಕೋಟಿ ವರ್ಷ. ಇದರ ಜೊತೆ ಆರು ಸಾವಿರದ ಲೆಕ್ಕಕ್ಕೆ ರಾಜಿ ಇಲ್ಲ.

ಆದರೆ ದೇವರು ವಿಕಾಸದ ಮೂಲಕವೇ ಸೃಷ್ಟಿಸಿದ ಅನ್ನುವವರೂ ಇದ್ದಾರೆ. ದೊಡ್ಡ ತಳಿವಿಜ್ಞಾನಿ ಡಾಬ್ಜಾನ್‌ಸ್ಕಿ 1973ರಲ್ಲಿ ತಾನು ಸೃಷ್ಟಿವಾದಿಯೂ ಹೌದು, ವಿಕಾಸವಾದಿಯೂ ಹೌದು ಎಂದೇ ಬರೆದರು. ಇಬ್ಬರಿಗೂ ಒಂದೇ ಹಣೆಪಟ್ಟಿ ಹಚ್ಚಿದರೆ ಹೇಗೆ?

ಈ ಗೊಂದಲಕ್ಕೆ ಕೆಲಸವೂ ಹೋಗುತ್ತದೆ. ಮೈಕೆಲ್ ರೈಸ್ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಶಿಕ್ಷಣ ನಿರ್ದೇಶಕರಾಗಿದ್ದವರು, ಜೀವವಿಜ್ಞಾನಿ, ಪಾದ್ರಿ ಕೂಡ. ಮಕ್ಕಳು ಸೃಷ್ಟಿವಾದದ ಮಾತು ಎತ್ತಿದರೆ ಗದರಿಸಬೇಡಿ, ಅದು ಯಾಕೆ ವಿಜ್ಞಾನ ಅಲ್ಲ ಅಂತ ಕೂತು ಮಾತಾಡಿ ಎಂದರು 2008ರಲ್ಲಿ. ಸೃಷ್ಟಿವಾದ ಪಾಠ ಮಾಡಿ ಎಂದರು ಅಂತ ಸುದ್ದಿಯಾಯಿತು. ನೊಬೆಲ್ ಪಡೆದವರೂ ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ಅವರು ಹುದ್ದೆ ಬಿಡಬೇಕಾಯಿತು. ನನ್ನ ಮಟ್ಟಿಗೆ ಇದು ಅನ್ಯಾಯವೇ.

ಹಾಗಂತ ಎಲ್ಲ ಗೊಂದಲವೂ ಅಮಾಯಕ ಅಲ್ಲ. ಸರ್ಕಾರಿ ಶಾಲೆಗಳಲ್ಲಿ ಸೃಷ್ಟಿವಾದ ಕಲಿಸುವ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ರದ್ದು ಮಾಡಿತು. ಆಗ ಒಂದು ಪಠ್ಯದ ಕರಡಿನಲ್ಲಿ ‘ಸೃಷ್ಟಿವಾದಿಗಳು’ ಇದ್ದಲ್ಲೆಲ್ಲ ‘ವಿನ್ಯಾಸ ಬೆಂಬಲಿಗರು’ (ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ವಿನ್ಯಾಸ ಮಾಡಿದೆ ಅನ್ನುವವರು) ಅಂತ ತಿದ್ದಿದರು, ಅದೂ ಎಷ್ಟು ಅವಸರದಲ್ಲಿ ಅಂದರೆ ಒಂದು ಕಡೆ ಹಳೆ ಪದದ ತಲೆ ಬಾಲ ಹಾಗೇ ಉಳಿದು ಹೊಸದು ನಡುವೆ ಸಿಕ್ಕಿಕೊಂಡಿತ್ತು! ಈ ವಿನ್ಯಾಸದ ವಾದವನ್ನು ಶಾಲೆಗೆ ತಂದದ್ದರ ವಿರುದ್ಧ ಅಮೆರಿಕದ ಡೋವರ್ ಊರಲ್ಲಿ ಹೂಡಿದ್ದ, 2005ರ ಮೊಕದ್ದಮೆಯಲ್ಲಿ ಈ ಕರಡುಗಳೇ ಸಾಕ್ಷಿಯಾದವು. ‘ಬುದ್ಧಿವಂತ ವಿನ್ಯಾಸ’ ಎಂಬ ಆ ವಾದ ವಿಜ್ಞಾನವಲ್ಲ ಎಂದು ತೀರ್ಪು ಬಂತು.

ನಮ್ಮಲ್ಲೂ 2018ರಲ್ಲಿ ಕೇಂದ್ರ ಸಚಿವರೊಬ್ಬರು ಡಾರ್ವಿನ್ ತಪ್ಪು ಅಂದಾಗ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಉತ್ತರ ಕೊಟ್ಟವು. ಸರಿಯಾದ ಕೆಲಸ. ಅಲ್ಲಿ ಚರ್ಚೆ ಆಗಿದ್ದು ಪಾಠದಲ್ಲಿ ಏನಿರಬೇಕು ಅಂತ, ಸಚಿವರ ಪೂಜೆ ಪುನಸ್ಕಾರದ ಬಗ್ಗೆ ಅಲ್ಲ. ನನ್ನ ವಿದ್ಯಾರ್ಥಿಗೂ ಅದನ್ನೇ ಹೇಳುತ್ತೇನೆ: ವಿಭೂತಿ ಬಿಡಪ್ಪಾ, ಪಾಠದಲ್ಲಿ ಬಂಡೆಯ ವಯಸ್ಸು ಕಮ್ಮಿ ಹೇಳಿದರೆ ಆಗ ಬಂದು ಕೇಳು.