ಒಂದೇ ಬಿಲ್ಲು, ಮೂರು ರೇಟು

ತಿಪಟೂರಿನ ಒಂದು ಕೊಬ್ಬರಿ ಮಂಡಿಗೆ ಹಳೇ ಬಿಲ್ಲು ಹುಡುಕುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಹುಡುಕುವ ಕೆಲಸ ಎಲಾಸ್ಟಿಕ್‌ಸರ್ಚ್ ಎಂಬ ಸರ್ಚ್ ಇಂಜಿನ್‌ನದು. ಕೆಲವೇ ದಿನಕ್ಕೆ ತುಮಕೂರಿನ ನನ್ನ ಆಫೀಸಿಗೆ ಫೋನ್ ಬಂತು. "ಸಾರ್, ಒಂದೇ ಬಿಲ್ಲು ಮೂರು ಸಲ ಬರ್ತಾ ಇದೆ. ಒಂದೊಂದರಲ್ಲಿ ಒಂದೊಂದು ರೇಟು. ಯಾವುದನ್ನ ನಂಬೋದು?"

ತಪ್ಪು ನನ್ನ ಕೋಡಿನಲ್ಲಿತ್ತು. ಆ ದಿನ ಬದಲಾದ ಬಿಲ್ಲುಗಳನ್ನು ರಾತ್ರಿ ಡೇಟಾಬೇಸ್‌ನಿಂದ ಓದಿ ಇಂಡೆಕ್ಸ್‌ಗೆ (ಎಲಾಸ್ಟಿಕ್‌ಸರ್ಚ್ ಹುಡುಕುವ ಸಂಗ್ರಹಕ್ಕೆ) ಹಾಕುತ್ತಿದ್ದೆ, ಆದರೆ ಒಂದೊಂದು ಬಿಲ್ಲನ್ನೂ ಗುರುತಿಸುವ ಐಡಿ ಕೊಟ್ಟಿರಲಿಲ್ಲ. ನಾವು ಕೊಡದಿದ್ದರೆ ಎಲಾಸ್ಟಿಕ್‌ಸರ್ಚ್ ತಾನೇ ಒಂದು ಐಡಿ ಹುಟ್ಟಿಸಿ ಹೊಸ ಡಾಕ್ಯುಮೆಂಟ್ (ಇಂಡೆಕ್ಸ್‌ನ ಒಂದು ದಾಖಲೆ) ಸೇರಿಸುತ್ತದೆ. ಎರಡು ಸಲ ರೇಟು ತಿದ್ದಿದ ಬಿಲ್ಲು ಹಾಗಾಗಿ ಮೂರಾಯಿತು. ಬರೀ ಬಿಲ್ ನಂಬರನ್ನು ಐಡಿ ಮಾಡಿದರೂ ಸಾಲದು. ಪ್ರತಿ ಏಪ್ರಿಲ್‌ನಲ್ಲಿ ನಂಬರು ಮತ್ತೆ 1ರಿಂದ ಶುರುವಾಗುತ್ತದೆ ಅಲ್ವಾ? ಹೊಸ ವರ್ಷದ ಬಿಲ್ಲು ಹಳೆಯದನ್ನು ಅಳಿಸಿಬಿಡುತ್ತದೆ. ಹಣಕಾಸು ವರ್ಷ, ಬಿಲ್ ನಂಬರು ಎರಡನ್ನೂ ಸೇರಿಸಿ ಐಡಿ ಮಾಡಿದೆ.

ಐಡಿ ಒಂದೇ ಆಗಿದ್ದರೆ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಒಳಗೆ ನಡೆಯುವುದು ಮಾತ್ರ ಲೆಕ್ಕದ ಪುಸ್ತಕದ ರೀತಿ. ಎಲಾಸ್ಟಿಕ್‌ಸರ್ಚ್‌ನ ತಳದಲ್ಲಿರುವ ಲೂಸೀನ್ ಎಂಬ ಹುಡುಕಾಟದ ಲೈಬ್ರರಿ ಒಮ್ಮೆ ಬರೆದ ಸೆಗ್ಮೆಂಟನ್ನು (ಇಂಡೆಕ್ಸ್‌ನ ಒಂದು ತುಂಡನ್ನು) ತಿದ್ದುವುದಿಲ್ಲ. ಹಳೇ ಸಾಲಿಗೆ ಗೀಟು ಹಾಕಿ, ಹೊಸ ಸಾಲು ಬರೆಯುತ್ತದೆ. ಗೀಟು ಹಾಕಿದ್ದು ಪೂರ್ತಿ ಹೋಗುವುದು ಮುಂದೆ ಸೆಗ್ಮೆಂಟುಗಳು ಒಂದಾದಾಗ. ಸಾವಿರಾರು ಬಿಲ್ಲು ಅಳಿಸಿದ ಕೂಡಲೇ ಡಿಸ್ಕ್‌ನಲ್ಲಿ ಜಾಗ ಖಾಲಿಯಾಗಲಿಲ್ಲ ಎಂದು ಗಾಬರಿಯಾಗಬೇಡಿ.

ಇನ್ನೊಂದು ತೊಂದರೆ ತಡವಾಗಿ ಗೊತ್ತಾಯಿತು. ಡೇಟಾಬೇಸ್‌ನಿಂದ ತೆಗೆದುಹಾಕಿದ ಬಿಲ್ಲು 'ಬದಲಾದ' ಪಟ್ಟಿಗೆ ಬರುವುದೇ ಇಲ್ಲ. ಇಂಡೆಕ್ಸ್‌ನಲ್ಲಿ ಅದು ಹಾಗೇ ಉಳಿಯುತ್ತದೆ. ಈಗ ಡೇಟಾಬೇಸ್‌ನಿಂದ ಯಾವ ಬಿಲ್ಲನ್ನೂ ಅಳಿಸುವುದಿಲ್ಲ. 'ರದ್ದು' ಎಂದು ಗುರುತು ಹಾಕುತ್ತೇವೆ, ಆ ಗುರುತು ನೋಡಿ ಕೋಡ್ ಇಂಡೆಕ್ಸ್‌ನಿಂದ ತೆಗೆಯುತ್ತದೆ.

ಸೇರಿಸಿದ್ದು ಹುಡುಕಾಟಕ್ಕೆ ಸಿಗಲು ಸಾಮಾನ್ಯವಾಗಿ 1 ಸೆಕೆಂಡ್ ಬೇಕು. ಅಷ್ಟಕ್ಕೂ ಕಾಯದೆ ಒಂದೊಂದು ಬಿಲ್ಲಿಗೂ ರಿಫ್ರೆಶ್ (ಹೊಸದನ್ನು ಹುಡುಕಾಟಕ್ಕೆ ಸಿಗುವಂತೆ ಮಾಡುವ ಕೆಲಸ) ಮಾಡಿಸಿದರೆ ಸರ್ವರ್ ಸುಮ್ನೆ ಸುಸ್ತಾಗುತ್ತದೆ. ಐಡಿ ಕೊಟ್ಟು ನೇರವಾಗಿ ಕೇಳಿದರೆ ತಕ್ಷಣವೇ ಸಿಗುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಬಲ್ಕ್, ಅಂದರೆ ಹಲವು ಬಿಲ್ಲುಗಳನ್ನು ಒಂದೇ ಸಲ ಕಳಿಸುವ ವಿಧಾನ. ಸಾವಿರ ಬಿಲ್ಲು ಒಟ್ಟಿಗೆ ಕಳಿಸಿದಾಗ, ಕೆಲವು ತಿರಸ್ಕಾರವಾದರೂ ಉತ್ತರ 200 (ಕೋರಿಕೆ ಯಶಸ್ವಿ ಎಂಬ ಕೋಡ್) ಎಂದೇ ಬರುತ್ತದೆ. ನಾನು 200 ನೋಡಿ ಎಲ್ಲ ಸರಿಯಿದೆ ಅಂದುಕೊಂಡಿದ್ದೆ. ಲಾಟ್ ನಂಬರ್ ಬರೀ ಅಂಕಿ ಎಂದು ಇಂಡೆಕ್ಸ್ ಮೊದಲ ಬಿಲ್ಲಿನಿಂದಲೇ ಊಹಿಸಿಕೊಂಡಿತ್ತು. '12ಎ' ಎಂಬಂಥ ಲಾಟುಗಳ ಬಿಲ್ಲುಗಳು ಒಳಗೆ ಹೋಗಿರಲೇ ಇಲ್ಲ. ಉತ್ತರದೊಳಗಿನ ಎರರ್ಸ್ ಎಂಬ ಗುರುತನ್ನು ಪ್ರತಿ ಸಲ ನೋಡಲೇಬೇಕು. ಅದು ನಿಜವಾಗಿದ್ದರೆ ಒಂದೊಂದು ಸಾಲನ್ನೂ ಓದಬೇಕು.

ಇರುವ ಫೀಲ್ಡಿನ (ಲಾಟ್ ನಂಬರಿನಂಥ ಕಾಲಂನ) ಬಗೆಯನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ. ಲಾಟ್ ನಂಬರನ್ನು ಕೀವರ್ಡ್ (ಅಂಕಿ, ಅಕ್ಷರ ಎರಡೂ ಹಿಡಿಸುವ ಬಗೆ) ಎಂದು ಬರೆದು ಹೊಸ ಇಂಡೆಕ್ಸ್ ಕಟ್ಟಿದೆ. ಡೇಟಾಬೇಸ್‌ನಿಂದ ಎಲ್ಲವನ್ನೂ ಮತ್ತೆ ತುಂಬಿದೆ. ಕೋಡ್ ಮೊದಲಿನಿಂದಲೂ ಅಲಿಯಾಸ್, ಅಂದರೆ ಇಂಡೆಕ್ಸ್‌ಗೆ ಇಟ್ಟ ಇನ್ನೊಂದು ಹೆಸರಲ್ಲೇ ಹುಡುಕುತ್ತಿತ್ತು. ಆ ಹೆಸರನ್ನು ಹೊಸ ಇಂಡೆಕ್ಸ್ ಕಡೆ ತಿರುಗಿಸಿದ್ದು ಮಂಡಿಯಲ್ಲಿ ವ್ಯಾಪಾರ ಜೋರಾಗಿದ್ದ ಹೊತ್ತಿನಲ್ಲೇ. ಅಲ್ಲಿ ಬಿಲ್ಲು ಹುಡುಕುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ.